ಒಂದು ಅಂಗುಲದ ವ್ಯವಹಾರ

ಮನೆಗೆ ಬಂದವರನ್ನು ಎಲ್ಲಿ ಕುಳ್ಳಿರಿಸಿದರು ಎಂಬುದನ್ನು ನೋಡಿಯೇ ಆ ಮನೆಯವರು ಅವರನ್ನು ಎಷ್ಟರ ಮಟ್ಟಿಗೆ ಮನ್ನಿಸುವರೆಂಬುದನ್ನು ಹೇಳಿಬಿಡಬಹುದು. ಜಗಲಿಯ ಮೇಲೆಯೇ ಕುಳಿತು ಮಾತು ಮುಗಿಸಿ ಹೋಗುವವರು ಕೆಲವರು. ನಡುಮನೆಯ ಚಾಪೆಯವರೆಗೆ ಬರುವವರು ಕೆಲವರು. ಊಟದ ಪಂಕ್ತಿಯಲ್ಲಿ ಮಣೆ ಹಾಕಿಸಿಕೊಳ್ಳುವವರು ಇನ್ನು ಕೆಲವರು. ಮದುವೆಯ ಮನೆಯಲ್ಲಂತೂ ಎಲೆಗೂ ಎಲೆಗೂ ನಡುವೆ ಬಿಟ್ಟ ಜಾಗವನ್ನು ನೋಡಿಯೇ ಹೆಣ್ಣಿನವರ ಕೈ ಎಷ್ಟು ಧಾರಾಳವೆಂದು ತೀರ್ಪು ಕೊಡಬಲ್ಲ ಅನುಭವಶಾಲಿಗಳು ನಮ್ಮಲ್ಲಿದ್ದಾರೆ.

ಆಕಾಶದಲ್ಲಿ ಹಾರುವ ಮನೆಗಳಿಗೂ ಈ ಮಾತು ಸಲ್ಲುತ್ತದೆ. ಜೆಟ್ ವಿಮಾನಗಳ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಎಂಜಿನ್ನಿನ ಬಲವೆಷ್ಟು, ರೆಕ್ಕೆಯ ಓರೆ ಎಷ್ಟು, ಗಂಟೆಗೆ ಎಷ್ಟು ಮೈಲಿ ಎಂಬ ಲೆಕ್ಕಗಳನ್ನೇ ಬರೆದಿದ್ದಾರೆ. ಒಳಗೆ ಕುಳಿತವರ ಮೊಣಕಾಲಿನ ಚರಿತ್ರೆಯನ್ನು ಬರೆದವರು ವಿರಳ. ಆ ಚರಿತ್ರೆ ಹಳೆಯ ವಿಮಾನಗಳ ಆಸನವ್ಯವಸ್ಥೆಯ ನಕ್ಷೆಗಳಲ್ಲಿ ಅಡಗಿದೆ. ಉದ್ದನೆಯ ಸೌತೆಕಾಯಿಯನ್ನು ಸೀಳಿ ಮೇಲಿನಿಂದ ನೋಡಿದಂತೆ ತೋರುವ ಚಿತ್ರ. ಅದರೊಳಗೆ ಬೀಜಗಳಂತೆ ಸಾಲಾಗಿ ಕುರ್ಚಿಗಳು. ಸಾಲಿಗೆ ಎಷ್ಟು ಬೀಜ, ಸಾಲಿಗೂ ಸಾಲಿಗೂ ಅಂತರವೆಷ್ಟು ಎಂದು ಎಣಿಸುತ್ತ ಹೋದರೆ ಅರ್ಧ ಶತಮಾನದ ವ್ಯಾಪಾರ, ಆಸೆ, ಪೈಪೋಟಿ, ಭಯ ಎಲ್ಲವೂ ಕಣ್ಣಿಗೆ ಬೀಳುತ್ತವೆ.

ಕನ್ನಡ ಪಾಠ ಹೇಳಿಕೊಂಡಿರುವವನಿಗೆ ವಿಮಾನದ ಕುರ್ಚಿಗಳ ಗೊಡವೆ ಏಕೆಂದು ವಾಚಕರು ಕೇಳಬಹುದು. ಷಟ್ಪದಿಯ ಸಾಲುಗಳಲ್ಲಿ ಮಾತ್ರೆ ಎಣಿಸುವುದೇ ಕಸುಬಾದವನಿಗೆ ಇಂಥ ಎಣಿಕೆ ತೀರ ಪರಕೀಯವಲ್ಲವೆಂದಷ್ಟೇ ನನ್ನ ಸಮಾಧಾನ. ಛಂದಸ್ಸಿನಲ್ಲಿ ಒಂದು ಮಾತ್ರೆ ಹೆಚ್ಚುಕಡಿಮೆಯಾದರೆ ಪದ್ಯ ಕುಂಟುತ್ತದೆ, ಅಷ್ಟೆ. ಇಲ್ಲಿ ಒಂದು ಅಂಗುಲ ಹೆಚ್ಚುಕಡಿಮೆಯಾದರೆ ಕೋಟಿಗಟ್ಟಲೆ ಹಣ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುತ್ತದೆ. ಒಮ್ಮೊಮ್ಮೆ ಮಾತು ಪ್ರಾಣದವರೆಗೂ ಬರುತ್ತದೆ.

ಮೊದಲನೆಯ ಜೆಟ್ ಪ್ರಯಾಣಿಕ ವಿಮಾನ ಬ್ರಿಟನ್ನಿನ ಡಿ ಹ್ಯಾವಿಲೆಂಡ್ ಕಂಪನಿಯ ಕಾಮೆಟ್. ೧೯೫೨ನೆಯ ಮೇ ೨ರಂದು ಅದು ಲಂಡನ್ನಿನಿಂದ ಜೋಹಾನ್ಸ್‌ಬರ್ಗಿಗೆ ಹೊರಟಾಗ ಒಳಗಿದ್ದ ಆಸನಗಳು ಕೇವಲ ೩೬. ನಡುವೆ ಹಾದಿ, ಆಚೆಗಿಬ್ಬರು, ಈಚೆಗಿಬ್ಬರು. ಮುಂಭಾಗದಲ್ಲಿ ಎಂಟು ಮಂದಿಗೆ ಪ್ರತ್ಯೇಕವಾದೊಂದು ಕೋಣೆ. ಅಲ್ಲಿ ನಾಲ್ಕು ನಾಲ್ಕು ಜನ ಮೇಜಿನ ಸುತ್ತ ಎದುರುಬದುರಾಗಿ ಕುಳಿತು ರೈಲಿನ ಡಬ್ಬಿಯಲ್ಲಿದ್ದಂತೆ ಹರಟಬಹುದಾಗಿತ್ತು. ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆ ಶೌಚಗೃಹಗಳಿದ್ದುವು. ಸಾಲಿಗೂ ಸಾಲಿಗೂ ನಡುವೆ ೪೫ ಅಂಗುಲದ ಅಂತರ. ಈ ಅಂತರಕ್ಕೆ ಆ ಕಸುಬಿನವರು ಪಿಚ್ ಎನ್ನುತ್ತಾರೆ. ಒಂದು ಕುರ್ಚಿಯ ಮೇಲಿನ ಯಾವುದಾದರೊಂದು ಗುರುತಿನಿಂದ ಮುಂದಿನ ಕುರ್ಚಿಯ ಅದೇ ಗುರುತಿನವರೆಗೆ ಇರುವ ದೂರ ಅದು. ಇದೇ ನಮ್ಮ ಮೊಣಕಾಲಿಗೆ ದೊರೆಯುವ ಜಾಗವೆಂದು ಯಾರೂ ತಿಳಿಯಬಾರದು. ಬೆನ್ನೊರಗಿನ ದಪ್ಪವೂ ಅದರಲ್ಲಿಯೇ ಸೇರಿರುತ್ತದೆ. ಆದರೂ ೪೫ ಅಂಗುಲವೆಂದರೆ ಕಾಲು ಚಾಚಿ ಕಣ್ಣು ಮುಚ್ಚಬಹುದಾದ ಅಂತರ. ಅದೇ ವಿಮಾನವನ್ನು ಕೊಂಡ ಫ್ರೆಂಚರು ಹನ್ನೊಂದು ಸಾಲುಗಳನ್ನು ಹೂಡಿ ೪೪ ಜನರನ್ನು ಕುಳ್ಳಿರಿಸಿದರು. ಒಂದೇ ಮನೆಯನ್ನು ಬಾಡಿಗೆಗೆ ಕೊಳ್ಳುವ ಇಬ್ಬರ ಸಂಸಾರದಲ್ಲಿ ಎಂಟು ಜನರ ವ್ಯತ್ಯಾಸ ಮೊದಲ ದಿನದಿಂದಲೇ ಪ್ರಾರಂಭವಾಯಿತೆನ್ನಬೇಕು.

ಕಾಮೆಟ್ಟಿನ ದುರಂತ ಕಥೆಯನ್ನು ಅನೇಕರು ಕೇಳಿಯೇ ಇದ್ದೀರಿ. ಮೊದಲ ಯಾನದ ವಾರ್ಷಿಕ ದಿನವಾದ ೧೯೫೩ನೆಯ ಮೇ ೨ರಂದೇ ಒಂದು ಕಾಮೆಟ್ ಕಲ್ಕತ್ತೆಯಿಂದ ದೆಹಲಿಗೆ ಹೊರಟು ಬಿರುಮಳೆಯಲ್ಲಿ ಸಿಕ್ಕಿ ಮುರಿದು ಬಿತ್ತು. ೪೩ ಜನ ಮಡಿದರು. ಮರುವರ್ಷ ಜನವರಿಯಲ್ಲಿ ಎಲ್ಬಾ ದ್ವೀಪದ ಬಳಿ ಒಂದು, ಏಪ್ರಿಲಿನಲ್ಲಿ ನೇಪಲ್ಸಿನ ಬಳಿ ಮತ್ತೊಂದು ಸಮುದ್ರದ ಪಾಲಾದುವು. ಎಲ್ಬಾ ದ್ವೀಪದ ಬಳಿ ಬಿದ್ದುದು ಆ ಮೊದಲ ಯಾನವನ್ನು ಮಾಡಿದ್ದ ವಿಮಾನವೇ. ಫಾರ್ನ್‌ಬರೋದ ಸಂಶೋಧಕರು ಇನ್ನೊಂದು ಕಾಮೆಟ್ಟಿನ ಒಡಲನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಒತ್ತಡವನ್ನು ಮತ್ತೆ ಮತ್ತೆ ಏರಿಸಿ ಇಳಿಸಿ ನೋಡಿದಾಗ, ಒಡಲಿನಲ್ಲಿ ಕೊರೆದ ಕಿಂಡಿಗಳ ಮೂಲೆಯಲ್ಲಿ ಲೋಹ ದಣಿದು ಬಿರಿಯುವುದು ತಿಳಿದುಬಂದಿತು. ಅಲ್ಲಿಂದ ಮುಂದೆ ಬಂದ ಕಾಮೆಟ್ಟಿಗೆ ದುಂಡು ಕಿಟಕಿಗಳು ಬಂದುವು, ಲೋಹದ ತಗಡು ದಪ್ಪವಾಯಿತು. ಆದರೆ ಆ ನಾಲ್ಕು ವರ್ಷಗಳ ಅವಕಾಶದಲ್ಲಿ ಅಮೆರಿಕದವರು ಎದ್ದು ಕುಳಿತಿದ್ದರು.

ರಷ್ಯದವರು ೧೯೫೬ರಲ್ಲಿ ಹಾರಿಸಿದ ಟುಪೊಲೆವ್ ೧೦೪ ಎಂಬ ಜೆಟ್ಟಿನಲ್ಲಿ ಮಹಾಗನಿ ಮರದ ಕೆಲಸ, ಕಸೂತಿಯ ಬಟ್ಟೆ, ಪಿಂಗಾಣಿಯ ಸಾಮಾನುಗಳಿದ್ದು ಒಳಗೆ ಹೊಕ್ಕವರಿಗೆ ಹಳೆಯ ಜಮೀನ್ದಾರರ ದಿವಾನಖಾನೆಯನ್ನು ಹೊಕ್ಕಂತಾಗುತ್ತಿತ್ತಂತೆ. ಸಮತಾವಾದದ ದೇಶದಲ್ಲಿ ಇದೊಂದು ವಿನೋದ. ಅದನ್ನು ಇಲ್ಲಿಗೆ ಬಿಟ್ಟು ಸಿಯಾಟಲಿಗೆ ಬರೋಣ.

ಸಿಯಾಟಲಿನ ಬೋಯಿಂಗ್ ಕಂಪನಿ ತನ್ನ ಸ್ವಂತ ಹಣವನ್ನು ಸುರಿದು ಮಾದರಿಯ ಜೆಟ್ ಒಂದನ್ನು ಕಟ್ಟಿ ೧೯೫೪ರ ಜುಲೈ ತಿಂಗಳಲ್ಲಿ ಹಾರಿಸಿತು. ಅದರ ಒಡಲಿನ ಅಗಲ ೧೩೨ ಅಂಗುಲ. ಹಾದಿಯ ಒಂದು ಕಡೆ ಮೂವರು, ಇನ್ನೊಂದು ಕಡೆ ಇಬ್ಬರು, ಒಟ್ಟು ಐವರು ಕೂರುವಷ್ಟು ಜಾಗ. ನಮ್ಮ ಕೆಂಪು ಬಸ್ಸಿನ ವ್ಯವಸ್ಥೆಯೇ ಎನ್ನಿ. ಆಕಾಶದಲ್ಲಿ ತೈಲ ತುಂಬಿಕೊಡುವ ವಿಮಾನಗಳು ಬೇಕಾಗಿದ್ದ ಅಮೆರಿಕದ ವಾಯುಸೇನೆ ಇದನ್ನು ಮೆಚ್ಚಿತಾದರೂ ಒಡಲು ಇನ್ನಷ್ಟು ಅಗಲವಾಗಲಿ ಎಂದಿತು. ಅಗಲ ೧೪೪ ಅಂಗುಲವಾಯಿತು. ಸೇನೆಗಾಗಿ ಮಾಡಿದ ಅಚ್ಚುಗಳಲ್ಲಿಯೇ ಪ್ರಯಾಣಿಕ ವಿಮಾನವನ್ನೂ ಎರಕ ಹೊಯ್ದರೆ ಖರ್ಚು ಉಳಿಯುವುದೆಂದು ಬೋಯಿಂಗಿನವರ ಲೆಕ್ಕಾಚಾರ. ಇದು ತಪ್ಪಲ್ಲ, ದೋಸೆಗೆ ರುಬ್ಬಿದ ಹಿಟ್ಟಿನಲ್ಲಿಯೇ ಮರುದಿನ ಪಡ್ಡು ಮಾಡುವ ಗೃಹಿಣಿಯ ಲೆಕ್ಕಾಚಾರವೂ ಇದೇ.

ಆದರೆ ಎದುರಿಗೆ ಡಗ್ಲಾಸ್ ಕಂಪನಿಯಿತ್ತು. ಅದರ ಕೈಯಲ್ಲಿ ಇನ್ನೂ ಒಂದು ವಿಮಾನವೂ ಇರಲಿಲ್ಲ. ಇದ್ದುದು ಕಾಗದದ ಮೇಲಿನ ಡಿಸಿ-೮ ಮಾತ್ರ. ಕಾಗದಕ್ಕೊಂದು ಅನುಕೂಲವುಂಟು: ಗಿರಾಕಿ ಕೇಳಿದಷ್ಟು ಅಗಲಮಾಡಬಹುದು. ಡಗ್ಲಾಸಿನವರು ೧೪೭ ಅಂಗುಲದ ಒಡಲನ್ನು ಬರೆದು, ಹಾದಿಯ ಎರಡು ಕಡೆಗೂ ಮೂವರು ಮೂವರಂತೆ ಆರು ಜನ ಸುಖವಾಗಿ ಕುಳಿತುಕೊಳ್ಳಬಹುದೆಂದು ತೋರಿಸಿದರು. ೧೯೫೫ನೆಯ ಅಕ್ಟೋಬರ್ ೧೩ರಂದು ಪ್ಯಾನ್ ಅಮೆರಿಕನ್ ಕಂಪನಿ ತನ್ನ ಆರ್ಡರುಗಳನ್ನು ಪ್ರಕಟಿಸಿತು: ಹಾರಿ ತೋರಿಸಿದ್ದ ಬೋಯಿಂಗಿಗೆ ೨೦, ಕಾಗದದ ಮೇಲಿದ್ದ ಡಗ್ಲಾಸಿಗೆ ೨೫. ಅದೇ ತಿಂಗಳಲ್ಲಿ ಯುನೈಟೆಡ್ ಕಂಪನಿ ಮೂವತ್ತು ಡಗ್ಲಾಸ್ ವಿಮಾನಗಳನ್ನು ಕೇಳಿತು.

ಬೋಯಿಂಗಿನ ಅಧ್ಯಕ್ಷನಾಗಿದ್ದ ವಿಲಿಯಂ ಆ್ಯಲನ್ ವಕೀಲಿಯಿಂದ ಬಂದವನು. ಸೋಲನ್ನು ಸಾಕ್ಷ್ಯವಾಗಿ ಓದಬಲ್ಲವನು. ಅಚ್ಚುಗಳ ಮೇಲಿನ ಮಮತೆಯನ್ನು ಬದಿಗಿಟ್ಟು ಕಂಪನಿ ಒಡಲನ್ನು ಮತ್ತೆ ಹಿಗ್ಗಿಸಿತು. ಎಷ್ಟಕ್ಕೆ? ೧೪೮ ಅಂಗುಲಕ್ಕೆ. ಎದುರಾಳಿಗಿಂತ ಸರಿಯಾಗಿ ಒಂದು ಅಂಗುಲ ಹೆಚ್ಚು. ಈ ಒಂದು ಅಂಗುಲದಿಂದ ಆರು ಜನರಲ್ಲಿ ಯಾರೊಬ್ಬನ ತೊಡೆಗೂ ಹೇಳಿಕೊಳ್ಳುವಂಥ ಸುಖ ಬರಲಾರದು. ಆರಕ್ಕೆ ಹಂಚಿದರೆ ಒಂದು ಜೋಳದ ಕಾಳಿನಷ್ಟು ಬಂದೀತು. ಆದರೆ ಮಾರುವವನ ಬಾಯಿಗೆ ಅದೊಂದು ದೊಡ್ಡ ಮಾತಾಯಿತು: ನಮ್ಮದು ಅಗಲ. ನವೆಂಬರಿನಲ್ಲಿ ಅಮೆರಿಕನ್ ಏರ್‌ಲೈನ್ಸ್ ಮೂವತ್ತು ಬೋಯಿಂಗುಗಳನ್ನು ಕೇಳಿತು. ಬೋಯಿಂಗ್ ೭೦೭ ಉಳಿದುಕೊಂಡಿತು.

೧೯೫೮ನೆಯ ಅಕ್ಟೋಬರ್ ೨೬ರಂದು ಆ ವಿಮಾನ ನ್ಯೂಯಾರ್ಕಿನಿಂದ ಪ್ಯಾರಿಸಿಗೆ ಹೊರಟಾಗ ಒಳಗಿದ್ದ ಪ್ರಯಾಣಿಕರು ೧೧೧. ಆರು ವರ್ಷಗಳ ಹಿಂದೆ ೩೬. ಮುಂದುಗಡೆ ಸಾಲಿಗೆ ನಾಲ್ವರಂತೆ ಪ್ರಥಮ ದರ್ಜೆಯವರು, ಹಿಂದುಗಡೆ ಸಾಲಿಗೆ ಆರು ಜನರಂತೆ ಉಳಿದವರು. ಮೂರು ವಾರ ಮೊದಲೇ ಸುಧಾರಿಸಿದ ಕಾಮೆಟ್ ಅಟ್ಲಾಂಟಿಕ್ ಸಾಗರವನ್ನು ದಾಟಿ ಮೊದಲಿಗನೆಂಬ ಕೀರ್ತಿಯನ್ನು ಪಡೆದಿತ್ತು. ಕೀರ್ತಿ ಅದರದು, ಗಿರಾಕಿಗಳು ಬೋಯಿಂಗಿನವರು. ನಮ್ಮ ಏರ್ ಇಂಡಿಯಾ ಇಂಟರ್‌ನ್ಯಾಷನಲ್ ಸಂಸ್ಥೆಯೂ ೧೯೬೦ರಲ್ಲಿ ಬೋಯಿಂಗ್ ೭೦೭ನ್ನೇ ತರಿಸಿ, ಆ ವರ್ಷದ ಮೇ ೧೪ರಂದು ನ್ಯೂಯಾರ್ಕಿನ ಯಾನವನ್ನು ಪ್ರಾರಂಭಿಸಿತು.

ಕಿಟಕಿಗಳ ವಿಷಯದಲ್ಲಿಯೂ ಈ ಇಬ್ಬರು ಎದುರಾಳಿಗಳ ಬುದ್ಧಿ ಬೇರೆ ಬೇರೆ ಹಾದಿ ಹಿಡಿದುದು ಗಮನಿಸತಕ್ಕ ಸಂಗತಿ. ಸಾಲಿನ ಅಂತರ ಸುಮಾರು ೪೦ ಅಂಗುಲವಿರುವುದೆಂದು ನಂಬಿ ಡಗ್ಲಾಸಿನವರು ಸಾಲಿಗೊಂದರಂತೆ ದೊಡ್ಡ ದೊಡ್ಡ ಕಿಟಕಿಗಳನ್ನಿಟ್ಟರು. ಬೋಯಿಂಗಿನವರು ಚಿಕ್ಕ ಕಿಟಕಿಗಳನ್ನು ೨೦ ಅಂಗುಲಕ್ಕೊಂದರಂತೆ ಹತ್ತಿರ ಹತ್ತಿರ ಕೊರೆದರು. ಮೊದಲನೆಯದು ಉದಾರವಾದ ಯೋಜನೆ, ನೋಡಲು ಅಂದ. ಆದರೆ ಸಾಲಿನ ಅಂತರ ೩೪ಕ್ಕೆ ಇಳಿದ ಕೂಡಲೇ ಡಿಸಿ-೮ರಲ್ಲಿ ಕೆಲವರ ಪಾಲಿಗೆ ಕಿಟಕಿಯ ಬದಲು ಗೋಡೆ ಬಂದಿತು. ಬೋಯಿಂಗಿನಲ್ಲಿ ಕುರ್ಚಿಯನ್ನು ಎಲ್ಲಿಗೆ ಸರಿಸಿದರೂ ಒಂದಲ್ಲ ಒಂದು ಕಿಂಡಿ ಕೈಗೆಟುಕುತ್ತಿತ್ತು. ಮನುಷ್ಯನ ದುರಾಸೆ ಮುಂದೆ ಎಲ್ಲಿಯವರೆಗೆ ಹೋದೀತೆಂಬುದನ್ನು ಅವರು ಮೊದಲೇ ಕಂಡಿದ್ದರೋ ಎಂದು ನನಗೆ ಒಮ್ಮೊಮ್ಮೆ ಅನುಮಾನವಾಗುತ್ತದೆ.

ಕುರ್ಚಿಯನ್ನು ಸರಿಸುವುದೆಂದರೆ ಹೇಗೆ? ವಿಮಾನದ ನೆಲದಲ್ಲಿ ಮುಂದಿನಿಂದ ಹಿಂದಿನವರೆಗೆ ಲೋಹದ ಹಳಿಗಳನ್ನು ಹುದುಗಿಸಿರುತ್ತಾರೆ. ಆ ಹಳಿಗಳಲ್ಲಿ ಒಂದೊಂದು ಅಂಗುಲಕ್ಕೆ ಒಂದೊಂದು ತೂತು. ಕುರ್ಚಿಯ ಕಾಲುಗಳನ್ನು ಯಾವ ತೂತುಗಳಿಗೆ ಬೇಕಾದರೂ ಸಿಕ್ಕಿಸಿ ಬಿಗಿಯಬಹುದು. ಆದುದರಿಂದ ವಿಮಾನವನ್ನು ಕಟ್ಟುವವನು ಅಗಲವನ್ನು ಮಾತ್ರ ನಿಶ್ಚಯಿಸುತ್ತಾನೆ. ಅಂತರವನ್ನು ನಿಶ್ಚಯಿಸುವವನು ಅದನ್ನು ಓಡಿಸುವ ಕಂಪನಿಯವನು. ೩೪ ಅಂಗುಲದ ಹದಿನೈದು ಸಾಲುಗಳಿಗೆ ೫೧೦ ಅಂಗುಲ ಬೇಕು. ಅದೇ ೫೧೦ ಅಂಗುಲದಲ್ಲಿ ೩೦ ಅಂಗುಲದ ಹದಿನೇಳು ಸಾಲುಗಳು ಹಿಡಿಯುತ್ತವೆ. ಎರಡು ಸಾಲು ಹೆಚ್ಚಾಯಿತು. ಸಾಲಿಗೆ ಆರರಂತೆ ಹನ್ನೆರಡು ಟಿಕೆಟ್ಟುಗಳು ದಿನದಿನವೂ ಹೆಚ್ಚಾಗಿ ಮಾರಿದುವು. ಈ ಲೆಕ್ಕವನ್ನು ಮಾಡಲು ಎಂಜಿನಿಯರು ಬೇಕಿಲ್ಲ, ಕಿರಾಣಿ ಅಂಗಡಿಯ ಗುಮಾಸ್ತನೂ ಸಾಕು.

ಆದರೂ ಆ ದಿನಗಳಲ್ಲಿ ಈ ಗುಮಾಸ್ತನಿಗೆ ಕಡಿವಾಣವಿತ್ತು. ಅಂತರರಾಷ್ಟ್ರೀಯ ವಿಮಾನ ಕಂಪನಿಗಳೆಲ್ಲ ಕೂಡಿ ಮಾಡಿಕೊಂಡ ಸಂಘವು ದರವನ್ನು ಮಾತ್ರವಲ್ಲದೆ ಆ ದರಕ್ಕೆ ಏನೇನು ಕೊಡಬೇಕೆಂಬುದನ್ನೂ ವಿಧಿಸುತ್ತಿತ್ತು. ೧೯೫೮ನೆಯ ಏಪ್ರಿಲಿನಲ್ಲಿ ಅಟ್ಲಾಂಟಿಕ್ ಯಾನಗಳಲ್ಲಿ ಎಕಾನಮಿ ಎಂಬ ಹೊಸ ದರ್ಜೆ ಹುಟ್ಟಿದಾಗ, ಅದಕ್ಕೆ ೩೪ ಅಂಗುಲದ ಅಂತರವೆಂದೂ ಊಟಕ್ಕೆ ತಣ್ಣಗಿನ ಸಾದಾ ಸ್ಯಾಂಡ್‌ವಿಚ್ ಮಾತ್ರವೆಂದೂ ಗೊತ್ತುಮಾಡಲಾಯಿತು. ಸ್ಕ್ಯಾಂಡಿನೇವಿಯದ ಕಂಪನಿಯೊಂದು ತಮ್ಮ ದೇಶದ ಪದ್ಧತಿಯಂತೆ ಬ್ರೆಡ್ಡಿನ ಮೇಲೆ ಬಗೆಬಗೆಯ ರುಚಿಗಳನ್ನು ರಾಶಿಹಾಕಿ ಬಡಿಸತೊಡಗಿತು. ಇದು ಸ್ಯಾಂಡ್‌ವಿಚ್ಚಲ್ಲ, ಔತಣ ಎಂದು ಪ್ಯಾನ್ ಅಮೆರಿಕನ್ನಿನವರು ಆಕ್ಷೇಪಿಸಿದರು. ದೊಡ್ಡ ದೊಡ್ಡ ಕಂಪನಿಗಳ ಪ್ರತಿನಿಧಿಗಳು ಲಂಡನ್ನಿನಲ್ಲಿ ಸಭೆ ಸೇರಿ ಸ್ಯಾಂಡ್‌ವಿಚ್ ಎಂದರೇನೆಂಬ ಲಕ್ಷಣಗ್ರಂಥವನ್ನು ರಚಿಸಬೇಕಾಯಿತು! ನಮ್ಮ ಕಡೆಯ ಮಸಾಲೆದೋಸೆ ಆ ಸಭೆಯ ಮುಂದೆ ಬರಲಿಲ್ಲವೆಂಬುದು ದೋಸೆಯ ಪುಣ್ಯ. ಪಲ್ಯ ಒಳಗಿರುವುದರಿಂದ ಅದು ಸ್ಯಾಂಡ್‌ವಿಚ್ಚೋ ಅಲ್ಲವೋ ಎಂದು ಇಂದಿಗೂ ವಾದ ನಡೆಯುತ್ತಿರುತ್ತಿತ್ತು.

ನಗುವ ಸಂಗತಿಯೇನೋ ಹೌದು. ಆದರೆ ಸ್ಯಾಂಡ್‌ವಿಚ್ಚಿಗೆ ಲಕ್ಷಣ ಹೇಳಿದ ಆ ನಿಯಮವೇ ಮೊಣಕಾಲಿಗೂ ಒಂದು ಗಡಿಯನ್ನು ಹಾಕಿತ್ತೆಂಬುದನ್ನು ಮರೆಯಲಾಗದು.

ಸಾಲಿಗೆ ಐದೇ ಜನರೆಂದು ಹಟಹಿಡಿದವರ ಗತಿ ಏನಾಯಿತೆಂಬುದಕ್ಕೆ ಕಾನ್‌ವೇರ್ ೮೮೦ ಒಂದು ಉದಾಹರಣೆ. ಮೂವರ ಮಧ್ಯದಲ್ಲಿ ಸಿಕ್ಕಿಬೀಳುವವನು ಸಾಲಿಗೆ ಒಬ್ಬನೇ ಆದುದರಿಂದ ಜನ ಇದನ್ನೇ ಮೆಚ್ಚುವರೆಂದೂ, ವೇಗದಲ್ಲಿ ಇದನ್ನು ಮೀರಿಸುವವರಿಲ್ಲವೆಂದೂ ಅದನ್ನು ಕಟ್ಟಿದವರು ನಂಬಿದ್ದರು. ಕುಳಿತವನ ದೃಷ್ಟಿಯಿಂದ ಅವರ ಮಾತು ನಿಜ. ಕುಳ್ಳಿರಿಸುವವನ ದೃಷ್ಟಿ ಬೇರೆ: ಇಪ್ಪತ್ತು ಸಾಲಿನಲ್ಲಿ ಇಪ್ಪತ್ತು ಟಿಕೆಟ್ಟು ಕಡಿಮೆ, ತೈಲ ಮಾತ್ರ ಹೆಚ್ಚು. ೮೮೦ ಮತ್ತು ಅದರ ತಮ್ಮನಾದ ೯೯೦ ಎರಡೂ ಸೇರಿ ತಯಾರಾದುವು ೧೦೨ ವಿಮಾನಗಳು. ತಾಯಿ ಕಂಪನಿಯಾದ ಜನರಲ್ ಡೈನಮಿಕ್ಸ್ ನಲವತ್ತು ಕೋಟಿ ಡಾಲರಿಗೂ ಹೆಚ್ಚು ಹಣವನ್ನು ಕಳೆದುಕೊಂಡಿತು. ನಷ್ಟಕ್ಕೆ ಬೇರೆ ಕಾರಣಗಳೂ ಇದ್ದುವು. ಆದರೆ ಆರನೆಯ ಕುರ್ಚಿಯಿಲ್ಲದುದು ಅವುಗಳಲ್ಲಿ ಕಿರಿದೇನಲ್ಲ.

ಸಾಲಿಗೆ ಐವರ ವಿಮಾನಗಳಲ್ಲಿ ನಮ್ಮವರಿಗೆ ಪರಿಚಯವಾದುದು ಫ್ರಾನ್ಸಿನ ಕ್ಯಾರವೆಲ್. ೧೯೬೪ರಲ್ಲಿ ಇಂಡಿಯನ್ ಏರ್‌ಲೈನ್ಸ್ ಅದನ್ನು ತರಿಸಿದಾಗ ದೇಶದೊಳಗಿನ ಯಾನಗಳಿಗೆ ಜೆಟ್ ಯುಗ ಬಂದಿತು. ಬಾಲದ ಕೆಳಗಿನಿಂದ ಇಳಿಯುವ ಮೆಟ್ಟಿಲು, ಹಿಂಭಾಗದಲ್ಲಿ ಎಂಜಿನ್ನುಗಳಿದ್ದುದರಿಂದ ಮುಂದೆ ಕುಳಿತವರಿಗೆ ನಿಶ್ಶಬ್ದ, ಎಲ್ಲಕ್ಕಿಂತ ಮಿಗಿಲಾಗಿ ಆ ಕಿಟಕಿಗಳು! ಮೇಲೆ ಕಿರಿದಾಗಿ ಕೆಳಗೆ ಅಗಲವಾದ, ಮೂಲೆಗಳು ದುಂಡಾದ ತ್ರಿಕೋನಗಳು. ವಿಮಾನದಲ್ಲಿ ಕುಳಿತವನು ನೋಡುವುದು ಮೇಲಿನ ಬರಿದಾದ ಆಕಾಶವನ್ನಲ್ಲ, ಕೆಳಗಿನ ಹೊಲ, ಕೆರೆ, ಊರುಗಳನ್ನು. ಆದುದರಿಂದ ಕಿಂಡಿ ಚಿಕ್ಕದಾದರೂ ಕೆಳಗಿನ ನೋಟ ದೊಡ್ಡದಾಗಿರಲೆಂಬ ಯೋಚನೆ ಅದು. ಹಳೆಯ ಜೆಟ್ಟುಗಳ ಒಳಾಂಗಣಗಳಲ್ಲಿ ಪ್ರಯಾಣಿಕನ ಕಣ್ಣಿನಿಂದ ಯೋಚಿಸಿದ ವಸ್ತು ಯಾವುದೆಂದು ನನ್ನನ್ನು ಕೇಳಿದರೆ ಈ ಕಿಟಕಿಯನ್ನೇ ಹೆಸರಿಸುವೆನು.

ಎಲ್ಲ ಕುರ್ಚಿಗಳೂ ಮೂತಿಯ ಕಡೆಗೇ ಮುಖಮಾಡಿರಬೇಕೆಂಬ ನಿಯಮವೂ ಇರಲಿಲ್ಲ. ಬ್ರಿಟನ್ನಿನ ಟ್ರೈಡೆಂಟ್ ವಿಮಾನಗಳಲ್ಲಿ ಕೆಲವು ಸಾಲುಗಳು ಹಿಂದಕ್ಕೆ ಮುಖಮಾಡಿದ್ದುವು. ಆ ದೇಶದ ವಾಯುಸೇನೆಯಂತೂ ತನ್ನ ವಿಸಿ-೧೦ ವಿಮಾನಗಳಲ್ಲಿ ಕುರ್ಚಿಗಳನ್ನು ಹಿಂದಕ್ಕೆ ತಿರುಗಿಸಿಯೇ ಜೋಡಿಸಿತು. ವಿಮಾನ ಎದುರಿಗೆ ಢಿಕ್ಕಿ ಹೊಡೆದು ನಿಂತರೆ ಮುಂದಕ್ಕೆ ಮುಖಮಾಡಿದವನು ಸೊಂಟದ ಪಟ್ಟಿಯೊಂದರಿಂದಲೇ ತೂಗಬೇಕು. ಹಿಂದಕ್ಕೆ ಮುಖಮಾಡಿದವನ ಬೆನ್ನು, ತಲೆ ಎಲ್ಲವನ್ನೂ ಬೆನ್ನೊರಗು ಹಿಡಿದುಕೊಳ್ಳುತ್ತದೆ. ಇದು ಸರಳವಾದ ಸತ್ಯ. ಆದರೂ ವ್ಯಾಪಾರದ ವಿಮಾನಗಳಲ್ಲಿ ಇದು ನಿಲ್ಲಲಿಲ್ಲ. ಅಷ್ಟು ಭಾರವನ್ನು ಹೊರುವ ಬೆನ್ನೊರಗೂ ನೆಲವೂ ಇನ್ನಷ್ಟು ಗಟ್ಟಿಯಾಗಬೇಕು, ಗಟ್ಟಿಯಾದರೆ ತೂಕ ಏರುತ್ತದೆ. ಮೇಲಾಗಿ ವಿಮಾನ ಮೇಲೇರುವಾಗ ಹಿಮ್ಮುಖವಾಗಿ ಕುಳಿತವನು ಮುಂದಕ್ಕೆ ಜಾರಿ ಪಟ್ಟಿಗೆ ಜೋತುಬಿದ್ದಂತಾಗುತ್ತದೆ. ಸಿಪಾಯಿಗೆ ಹೀಗೆ ಕುಳಿತುಕೋ ಎಂದು ಆಜ್ಞೆ ಮಾಡಬಹುದು, ಹಣ ಕೊಟ್ಟವನಿಗೆ ಹೇಳಲಾಗುವುದಿಲ್ಲ.

ಇನ್ನು ಜಂಬೋ ಎಂದು ಮಕ್ಕಳೂ ಬಲ್ಲ ಬೋಯಿಂಗ್ ೭೪೭. ಪ್ಯಾನ್ ಅಮೆರಿಕನ್ನಿನ ಯಜಮಾನ ಹ್ವಾನ್ ಟ್ರಿಪ್ಪನಿಗೆ ಎರಡು ಅಂತಸ್ತಿನ ವಿಮಾನ ಬೇಕಾಗಿತ್ತು. ಎಂಜಿನಿಯರುಗಳ ನಾಯಕನಾದ ಜೋ ಸಟರನಿಗೆ ಅದು ಒಪ್ಪಿಗೆಯಾಗಲಿಲ್ಲ. ಮೇಲಿನ ಅಂತಸ್ತಿನವರನ್ನು ಆಪತ್ತಿನಲ್ಲಿ ಬೇಗ ಇಳಿಸುವುದು ಹೇಗೆಂಬುದು ಅವನ ಚಿಂತೆ. ಎರಡೂ ಬಗೆಯ ಮಾದರಿಗಳನ್ನು ಹಲಗೆಗಳಿಂದ ಕಟ್ಟಿ ತೋರಿಸಿದರು. ಮೇಲಂತಸ್ತಿನ ಎತ್ತರದಿಂದ ಕೆಳಗೆ ನೋಡಿದ ಟ್ರಿಪ್ಪ ತನ್ನ ಹಟವನ್ನು ಬಿಟ್ಟು ಇಪ್ಪತ್ತು ಅಡಿ ಅಗಲದ ಒಂದೇ ಅಂತಸ್ತಿಗೆ ಒಪ್ಪಿದನು. ಮುಂದೊಂದು ದಿನ ಶಬ್ದಾತೀತ ವಿಮಾನಗಳು ಬಂದು ಇದು ಬರಿಯ ಸರಕಿನ ವಿಮಾನವಾದರೆ ಮೂತಿಯನ್ನೇ ತೆರೆದು ಸರಕು ತುಂಬುವಂತಿರಬೇಕೆಂದು ಚಾಲಕರ ಕೋಣೆಯನ್ನು ಮೇಲಕ್ಕೆ ಒಯ್ದರು. ಅದರ ಬೆನ್ನಿಗೆ ಉಳಿದ ಡುಬ್ಬದಂಥ ಜಾಗವನ್ನು ಸಿಬ್ಬಂದಿಯ ವಿಶ್ರಾಂತಿಗೆಂದು ಎಂಜಿನಿಯರುಗಳು ಸೂಚಿಸಿದಾಗ, ಅದು ಪ್ರಯಾಣಿಕರಿಗೆ ಎಂದು ಟ್ರಿಪ್ಪ ಹೇಳಿದನು. ಹೀಗೆ ಹುಟ್ಟಿದುದು ಸುರುಳಿ ಮೆಟ್ಟಿಲಿನ ಮೇಲಿನ ಪ್ರಸಿದ್ಧವಾದ ಮಹಡಿ.

೧೯೭೦ನೆಯ ಜನವರಿ ೨೨ರಂದು ಸೇವೆಗೆ ಬಂದಾಗ ಅದರ ಎಕಾನಮಿ ದರ್ಜೆಯಲ್ಲಿ ಎರಡು ಹಾದಿಗಳು, ಸಾಲಿಗೆ ಒಂಬತ್ತು ಜನ. ಹತ್ತಲ್ಲ, ಒಂಬತ್ತು. ಕುರ್ಚಿಗಳು ಅಗಲವಾಗಿದ್ದುವು. ಮಹಡಿಯ ಮೇಲೆ ಸೋಫಾಗಳನ್ನು ಹಾಕಿದ ವಿಹಾರಕೋಣೆ. ಕುಳಿತಲ್ಲಿಂದ ಎದ್ದು ಹೋಗಿ ಬೇರೆ ಕಡೆ ಕುಳಿತುಕೊಳ್ಳಬಹುದು ಎಂಬುದೇ ಆಕಾಶದಲ್ಲಿ ಒಂದು ಐಶ್ವರ್ಯ. ಅಮೆರಿಕನ್ ಏರ್‌ಲೈನ್ಸಿನವರು ಸಾಮಾನ್ಯ ದರ್ಜೆಯ ಪ್ರಯಾಣಿಕರಿಗಾಗಿಯೇ ಒಂದು ಕೋಣೆಯಲ್ಲಿ ವಿದ್ಯುತ್ ಪಿಯಾನೋವನ್ನು ಇಟ್ಟರು. ಏರ್ ಇಂಡಿಯಾ ೧೯೭೧ರಲ್ಲಿ ತನ್ನ ಮೊದಲ ೭೪೭ಕ್ಕೆ ಸಾಮ್ರಾಟ ಅಶೋಕನ ಹೆಸರಿಟ್ಟು, ಕಿಟಕಿಗಳ ಸುತ್ತ ಹೊರಗೆ ಕೆಂಪು ಬಣ್ಣದ ಝರೋಕಾಗಳನ್ನು ಬರೆಯಿಸಿ, ಆಕಾಶದ ಅರಮನೆಯೆಂದು ಸಾರಿತು. ಆ ಝರೋಕಾಗಳು ಬಹುಕಾಲ ಉಳಿದುವು. ಆ ವಿಮಾನವೇ ಉಳಿಯಲಿಲ್ಲ. ೧೯೭೮ರ ಹೊಸ ವರ್ಷದ ದಿನ ಮುಂಬಯಿಯ ಕಡಲಿನಲ್ಲಿ ೨೧೩ ಜನರೊಡನೆ ಮುಳುಗಿತು.

೧೯೭೩ರಲ್ಲಿ ತೈಲದ ಬೆಲೆ ಏರಿತು. ಪಿಯಾನೋ ಹೋಯಿತು, ಸೋಫಾಗಳು ಹೋದುವು, ಅಲ್ಲೆಲ್ಲ ಕುರ್ಚಿಗಳು ಬಂದುವು. ಒಂಬತ್ತು ಹತ್ತಾಯಿತು: ಮೂರು, ನಾಲ್ಕು, ಮೂರು. ಹತ್ತು ಕುರ್ಚಿಗಳಿಗೆ ಅಕ್ಷರಗಳನ್ನಿಡುವಾಗ ಇಂಗ್ಲಿಷಿನ ಐ ಅಕ್ಷರ ಒಂದು ಎಂಬ ಅಂಕಿಯಂತೆ ಕಾಣುವುದೆಂದು ಅದನ್ನು ಬಿಟ್ಟು ಎಚ್ ಆದ ಮೇಲೆ ಜೆ ಎಂದು ಬರೆಯುವ ಪದ್ಧತಿ. ೧೯೭೮ರಲ್ಲಿ ಅಮೆರಿಕ ತನ್ನ ದೇಶದೊಳಗಿನ ವಿಮಾನ ದರಗಳ ಮೇಲಿನ ಸರ್ಕಾರದ ಹಿಡಿತವನ್ನು ಸಡಿಲಿಸಿತು. ದರಗಳು ಇಳಿದುವು; ಅದುವರೆಗೆ ವಿಮಾನದ ಮೆಟ್ಟಿಲನ್ನೇ ತುಳಿಯದಿದ್ದ ಲಕ್ಷಾಂತರ ಜನ ಹತ್ತಿದರು. ಇದನ್ನು ದೂರುವ ಹಕ್ಕು ನನಗಿಲ್ಲ. ೪೫ ಅಂಗುಲದ ಕಾಲ ಹಾಗೆಯೇ ಉಳಿದಿದ್ದರೆ ನನ್ನಂಥ ಅಧ್ಯಾಪಕನ ಮನೆಯವರು ವಿಮಾನವನ್ನು ನೋಡುತ್ತಿದ್ದುದು ಅಂಗಳದಲ್ಲಿ ನಿಂತು, ಕತ್ತೆತ್ತಿ. ಈಗ ನನ್ನ ತಾಯಿಯವರು ಮಗಳ ಬಾಣಂತನಕ್ಕೆಂದು ದುಬೈಗೆ ಹೋಗಿ ಬರುತ್ತಾರೆ. ಹಿಂದಿರುಗಿದ ಮೇಲೆ ಎರಡು ದಿನ ಮಂಡಿಗೆ ಎಣ್ಣೆ ಹಚ್ಚಿಕೊಂಡು ಕುಳಿತಿರುತ್ತಾರೆ. ಅಗ್ಗದ ಟಿಕೆಟ್ಟಿನ ಬೆಲೆಯ ಒಂದು ಭಾಗವನ್ನು ಅವರು ಹೀಗೆ ಮನೆಗೆ ಬಂದು ತೀರಿಸುತ್ತಾರೆ. ಈಗ ಕೆಲವು ವಿಮಾನಗಳಲ್ಲಿ ಅಂತರ ೨೮ ಅಂಗುಲಕ್ಕೆ ಇಳಿದಿದೆ.

ಮಂಡಿನೋವಿನ ಮಾತಷ್ಟೇ ಆಗಿದ್ದರೆ ಇಷ್ಟು ದೀರ್ಘವಾಗಿ ಬರೆಯುತ್ತಿರಲಿಲ್ಲ. ೧೯೮೫ನೆಯ ಆಗಸ್ಟ್ ೨೨ರ ಬೆಳಿಗ್ಗೆ ಬ್ರಿಟನ್ನಿನ ಮ್ಯಾಂಚೆಸ್ಟರಿನಲ್ಲಿ ೧೩೭ ಜನರನ್ನು ಹೊತ್ತು ಓಡತೊಡಗಿದ್ದ ಬೋಯಿಂಗ್ ೭೩೭ರ ಎಡಗಡೆಯ ಎಂಜಿನ್ ಸಿಡಿದು, ಅದರ ಚೂರು ತೈಲದ ತೊಟ್ಟಿಗೆ ತಾಗಿ ಬೆಂಕಿ ಹತ್ತಿಕೊಂಡಿತು. ವಿಮಾನ ಇನ್ನೂ ನೆಲದ ಮೇಲೆಯೇ ಇತ್ತು, ಸುರಕ್ಷಿತವಾಗಿ ನಿಂತಿತು. ಬಿದ್ದು ಗಾಯಗೊಂಡವರು ಯಾರೂ ಇಲ್ಲ. ಆದರೂ ೫೫ ಜನ ಸತ್ತರು, ಬಹುಮಂದಿ ಹೊಗೆಯಿಂದ. ಮುಂದಿನ ಬಾಗಿಲಿಗೆ ಹೋಗಬೇಕಾದರೆ ಅಡಿಗೆಯ ಕಟ್ಟೆಯ ಎರಡು ಗೋಡೆಗಳ ನಡುವಿನ ಸಂದಿನಲ್ಲಿ ನುಸುಳಬೇಕಾಗಿತ್ತು; ಅದರ ಅಗಲ ಇಪ್ಪತ್ತೆರಡೂವರೆ ಅಂಗುಲ. ಇಬ್ಬರು ಒಟ್ಟಿಗೆ ನುಗ್ಗಿದರೆ ಇಬ್ಬರೂ ಸಿಕ್ಕಿಕೊಳ್ಳುವಷ್ಟು. ರೆಕ್ಕೆಯ ಮೇಲಿನ ಬಾಗಿಲಿಗೆ ಹೋಗಲು ಕುರ್ಚಿಗಳ ಸಾಲಿನ 사이ದಲ್ಲಿ ಅಡ್ಡಹಾಯಬೇಕಾಗಿತ್ತು.

ವಿಮಾನದಲ್ಲಿರುವ ಎಲ್ಲರೂ ಅರ್ಧದಷ್ಟು ಬಾಗಿಲುಗಳಿಂದ ೯೦ ಸೆಕೆಂಡಿನಲ್ಲಿ ಹೊರಬೀಳಬೇಕೆಂಬ ನಿಯಮ ಅಮೆರಿಕದಲ್ಲಿ ೧೯೬೭ರಿಂದಲೇ ಇದೆ. ಪರೀಕ್ಷೆಗಳಲ್ಲಿ ಜನ ಶಿಸ್ತಿನಿಂದ ಸಾಲಾಗಿ ಇಳಿಯುತ್ತಾರೆ. ಹೊಗೆ ತುಂಬಿದಲ್ಲಿ ಹಾಗಾಗುವುದಿಲ್ಲ. ಕ್ರ್ಯಾನ್‌ಫೀಲ್ಡ್ ವಿದ್ಯಾಲಯದ ಹೆಲೆನ್ ಮ್ಯೂರ್ ಎಂಬ ವಿದುಷಿ ಇದಕ್ಕೊಂದು ಉಪಾಯ ಮಾಡಿದರು. ನಿಂತ ವಿಮಾನದಲ್ಲಿ ಜನರನ್ನು ಕುಳ್ಳಿರಿಸಿ, ಮೊದಲು ಹೊರಬಿದ್ದವರಿಗೆ ಐದೈದು ಪೌಂಡು ಇನಾಮು ಎಂದು ಸಾರಿದರು. ಪ್ರಾಣಭಯವಿಲ್ಲ, ಬೆಂಕಿಯಿಲ್ಲ; ಐದು ಪೌಂಡಿಗಾಗಿ ಜನ ಕುರ್ಚಿಗಳ ಬೆನ್ನನ್ನು ಹತ್ತಿ ಹಾರಿದರು, ಒಬ್ಬರ ಮೇಲೊಬ್ಬರು ಬಿದ್ದರು. ಸಂದನ್ನು ಅಗಲಮಾಡಿದಂತೆ, ಬಾಗಿಲಿನ ಬಳಿಯ ಸಾಲಿನ ಅಂತರವನ್ನು ಹೆಚ್ಚಿಸಿದಂತೆ ಜನ ಹೊರಬೀಳುವುದು ಸರಾಗವಾಯಿತು. ಬ್ರಿಟನ್ನಿನ ಅಧಿಕಾರಿಗಳು ರೆಕ್ಕೆಯ ಬಾಗಿಲಿನ ಪಕ್ಕದ ಕುರ್ಚಿಯನ್ನು ಕಿತ್ತುಹಾಕಿರಿ, ಇಲ್ಲವೆ ಆ ಸಾಲುಗಳನ್ನು ದೂರಮಾಡಿರಿ ಎಂದು ಆಜ್ಞೆ ಮಾಡಿದರು. ಬಾಗಿಲಿನ ಬಳಿಯ ಸಾಲಿನಲ್ಲಿ ಕಾಲಿಗೆ ಹೆಚ್ಚು ಜಾಗವಿದೆಯೆಂದು ಇಂದು ಕಂಪನಿಗಳು ಹೆಚ್ಚಿನ ಹಣ ಕೇಳುತ್ತವೆ. ಆ ಜಾಗ ಅವರು ಕೊಟ್ಟ ಸೌಕರ್ಯವಲ್ಲ, ಕಾನೂನು ಕೊಡಿಸಿದ್ದು.

ಮೇಲೆ ಹೇಳಿದ ೭೩೭ರ ಹುಟ್ಟಿನ ಕಥೆಯೂ ಆಸನದ ಕಥೆಯೇ. ೧೯೬೦ರ ದಶಕದಲ್ಲಿ ಚಿಕ್ಕ ಜೆಟ್ಟುಗಳನ್ನು ಕಟ್ಟಿದ ಉಳಿದವರೆಲ್ಲ ಸಾಲಿಗೆ ಐವರೆಂದಾಗ, ೭೦೭ರ ಒಡಲಿನ ಅಗಲವನ್ನೇ ಇದಕ್ಕೂ ತಂದು ಸಾಲಿಗೆ ಆರು ಜನರನ್ನು ಕುಳ್ಳಿರಿಸಿದವರು ಬೋಯಿಂಗಿನವರು. ೧೯೮೮ರಲ್ಲಿ ಯೂರೋಪಿನ ಏರ್‌ಬಸ್ ೩೨೦ ಬಂದಾಗ ಅದರ ಒಡಲು ಏಳು ಅಂಗುಲಕ್ಕೂ ಹೆಚ್ಚು ಅಗಲವಾಗಿತ್ತು. ಡಗ್ಲಾಸಿಗೆ ಬೋಯಿಂಗ್ ಹಾಕಿದ ಪಟ್ಟನ್ನು ಬೋಯಿಂಗಿಗೆ ಏರ್‌ಬಸ್ ಹಾಕಿತೆನ್ನಬೇಕು. ಆ ಏರ್‌ಬಸ್ಸಿನ ಮುಂಬಾಗಿಲುಗಳನ್ನು ಬಹುಕಾಲ ನಮ್ಮ ಬೆಂಗಳೂರಿನ ಹಿಂದೂಸ್ಥಾನ್ ಏರೋನಾಟಿಕ್ಸ್ ಕಾರ್ಖಾನೆ ತಯಾರಿಸಿಕೊಟ್ಟಿತು. ೭೩೭ರ ಅಗಲ ಮಾತ್ರ ಇಂದಿಗೂ ಬದಲಾಗಿಲ್ಲ. ಎಂಜಿನ್ ಬದಲಾಯಿತು, ರೆಕ್ಕೆ ಬದಲಾಯಿತು, ಒಳಗಿನ ದೀಪ ಬದಲಾಯಿತು. ಬೆಂಗಳೂರಿನಿಂದ ದೆಹಲಿಗೆ ಹೋಗುವ ೭೩೭ ಒಂದರಲ್ಲಿ ನಿಮ್ಮ ಮೊಳಕೈ ಪಕ್ಕದವರ ಮೊಳಕೈಗೆ ತಗಲಿ ನೀವಿಬ್ಬರೂ ಮುಖ ನೋಡಿಕೊಂಡರೆ, ಆ ತಗಲುವಿಕೆಯ ಅಳತೆ ನಿಶ್ಚಯವಾದುದು ೧೯೫೫ರ ಕೊನೆಯ ತಿಂಗಳುಗಳಲ್ಲಿ, ಸಿಯಾಟಲಿನಲ್ಲಿ, ಡಗ್ಲಾಸಿನವರ ಕಾಗದವನ್ನು ನೋಡಿ.